ಅವ್ವನ ‘ತುಂಬ್ತು’

ನಮ್ಮ ಮನೆಯಲ್ಲಿ ‘ಸಾಕು’ ಎಂಬ ಮಾತಿಗೆ ಪ್ರವೇಶವಿರಲಿಲ್ಲ. ಉಣ್ಣಲು ಕುಳಿತವರು ಅಪ್ಪಿತಪ್ಪಿ ಹಾಗೆಂದರೆ ಅವ್ವನ ಸೌಟು ನಿಲ್ಲುತ್ತಿರಲಿಲ್ಲ. ಕಿವಿಗೆ ಬೀಳದವಳಂತೆ ಮತ್ತಷ್ಟು ಬಡಿಸಿಬಿಡುವಳು. “ಸಾಕು ಅನಬ್ಯಾಡ್ರೆಪಾ. ಸಾಕಂದ್ರ ಅನ್ನ ಮುನಿಸ್ಕೊಂತದ. ತುಂಬ್ತು ಅನ್ರಿ” ಎಂಬುದು ಅವಳ ಆಣತಿ. ಉಂಡವರು ತೃಪ್ತರಾಗಿ ಏಳಬೇಕು, ಬೇಸತ್ತು ಏಳಬಾರದು ಎಂಬುದು ಬಬಲೇಶ್ವರದ ತವರಿನಿಂದ ಅವಳು ತಂದ ರೀತಿ. ‘ತುಂಬ್ತು’ ಎಂದು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರೆ ಮಾತ್ರ ಸೌಟು ಹಿಂದೆ ಸರಿಯುತ್ತಿತ್ತು.

ಅಕ್ಕನ ಮದುವೆಯಾದ ಹೊಸತರಲ್ಲಿ ಕನಮಡಿಯಿಂದ ಬಂದ ಭಾವನಿಗೆ ಈ ಗುಟ್ಟು ತಿಳಿದಿರಲಿಲ್ಲ. ಟಿಕೋಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಹೋಳಿಗೆಯೂಟ. “ಸಾಕ್ರಿ ಅತ್ತಿ” ಎಂದಾಗಲೆಲ್ಲ ಇನ್ನೊಂದು ಹೋಳಿಗೆ, ಅದರ ಮೇಲೆ ತುಪ್ಪ. “ನಿಮ್ಮ ಕಾಲ ಬೀಳ್ತೀನಿ, ಸಾಕ್ರೀ!” ಎಂದರೆ ಮತ್ತೊಂದು. ಭಾವ ಬೆವರಿದರು. ಕಡೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು, “ತುಂಬ್ತು ಅನ್ರೀ! ಇಲ್ಲಂದ್ರ ನಿಮ್ಮನ್ನ ಚಕ್ಕಡ್ಯಾಗ ಹೇರ್ಕೊಂಡು ಒಯ್ಯಬೇಕಾಗ್ತದ” ಎಂದಳು.

ಸಾವಿನ ಸುದ್ದಿಗೂ ಅವ್ವನಲ್ಲಿ ಇದೇ ಮಾತು. ಓಣಿಯ ಹಿರಿಯರು ಯಾರಾದರೂ ಲಿಂಗೈಕ್ಯರಾದರೆ ಹಣೆಗೆ ಕೈ ಹಚ್ಚಿ, “ಅವರದು ತುಂಬ್ತು” ಎನ್ನುವಳು. ನಾನು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವನು. ನಗರದ ಜೋರಾಪುರ ಪೇಟೆಯಲ್ಲಿ ಮನೆ ಮಾಡಿದ ಮೇಲೆ ಶ್ರಾವಣಮಾಸದಲ್ಲಿ ಪುರಾಣ ಹೇಳುತ್ತ, ಮಂದಿಯ ಬಾಯಲ್ಲಿ ಗೌರವದ ‘ಅಜ್ಜಾರು’ ಆದವನು. ದೇಹದ ಅನಿತ್ಯತೆಯನ್ನು ನಾನು ವಿಸ್ತರಿಸುವಾಗ ಅವ್ವ ಕಂಬಕ್ಕೊರಗಿ ಕೇಳುವಳು. ಮನೆಗೆ ಬಂದ ಮೇಲೆ, “ಭಾಳ ಚಂದ ಹೇಳಿದೆಪಾ. ಆದ್ರ ಅಷ್ಟುದ್ದ ಯಾಕ? ಕುಂತು ಕುಂತು ನನ್ನ ಮೊಣಕಾಲು ಹಿಡಕೊಂಡ್ವು” ಎಂದು ನಗುವಳು.

ಕಳೆದ ಚಳಿಗಾಲದಲ್ಲಿ ಅವಳ ಉಸಿರು ಕೆಟ್ಟಿತು. ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಅಜ್ಜಾರ, ವೆಂಟಿಲೇಟರ್ ಹಾಕಬಹುದ್ರಿ. ಹಾಕಿದ್ರೂ ಮೊದಲಿನಂಗ ಆಗ್ತಾರಂತ ನಾ ಹೇಳಾಂಗಿಲ್ಲ. ಬ್ಯಾಡಂದ್ರ, ಸಂಕಟ ಆಗದಂಗ ಔಷಧ ಕೊಟ್ಟು ಆರಾಮ ಇಡೂಣು. ಅವರಿಗೆ ಇನ್ನೂ ಎಚ್ಚರ ಅದ. ಒಂದು ಮಾತು ಅವರನ್ನ ಕೇಳ್ರಿ.”

ನಾನು ಕೇಳಲಿಲ್ಲ. ಗಂಜಿಯ ಬಟ್ಟಲು ಹಿಡಿದು ಅವಳ ಬಳಿ ಕುಳಿತೆ. ಎರಡನೆಯ ಚಮಚಕ್ಕೆ ಅವಳು ಮುಖ ಸರಿಸಿ, ಅಂಗೈ ಅಡ್ಡ ಹಿಡಿದು, ನನ್ನನ್ನೇ ನೋಡುತ್ತ, “ಯಪ್ಪಾ, ತುಂಬ್ತು” ಎಂದಳು.

“ಇಷ್ಟಕ್ಕ ಎಲ್ಲಿ ತುಂಬ್ತದವ್ವಾ? ಇನ್ನೊಂದೀಟು ತಗೋ” ಎಂದೆ.

ಅವಳು ಅಂಗೈ ಇಳಿಸಿ ಕಣ್ಣು ಮುಚ್ಚಿದಳು. ಹೊರಗೆ ಬಂದಾಗ ಅಕ್ಕ ನನ್ನ ತೋಳು ಹಿಡಿದಳು. “ಅವ್ವ ಗಂಜಿ ಮಾತು ಆಡಲಿಲ್ಲೋ ತಮ್ಮಾ. ಬ್ಯಾಡ ಅನ್ನು. ಮನಿಗೆ ಒಯ್ಯೂಣು.”

“ಸುಮ್ಮನಿರಬೇ ಅಕ್ಕ. ಪುರಾಣ ಹೇಳಾಂವ ತಾಯಿನ್ನ ಹಂಗ ಸಾಯಾಕ ಬಿಟ್ಟ ಅಂತ ಪ್ಯಾಟಿ ಮಂದಿ ಆಡ್ಕೊಳ್ಳೂದಿಲ್ಲೇನು?”

ಹಾಕಿರೆಂದು ವೈದ್ಯರಿಗೆ ಒಪ್ಪಿಗೆ ಕೊಟ್ಟೆ. ಆಗ ಅರ್ಥವಾಗಿರಲಿಲ್ಲವೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನುಂಡೇ ಬೆಳೆದವನಿಗೆ ಅದು ಅರ್ಥವಾಗದೆ ಹೋದೀತೇ?

ಗಂಟಲಿಗೆ ನಳಿಕೆ ಇಳಿದ ಮೇಲೆ ಅವಳಿಗೆ ಮಾತಿಲ್ಲ. ಕೊರಳ ಲಿಂಗವನ್ನು ತೆಗೆದು ಬಿಳಿಯ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿತ್ತರು. ಲಿಂಗವನ್ನು ಎಂದೂ ಮೈಯಿಂದ ಅಗಲಿಸದವಳು ಒಳಗೆ, ಲಿಂಗ ನನ್ನ ಜೇಬಿನಲ್ಲಿ. ನೋಡಲು ಬಿಡುವ ಹೊತ್ತಿನಲ್ಲಿ ಒಮ್ಮೆ ಒಳಗೆ ಹೋದೆ. ನಳಿಕೆ ಕಿತ್ತುಕೊಂಡಾಳೆಂದು ಅವಳ ಎರಡೂ ಮಣಿಕಟ್ಟುಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. ದಾದಿ ಮೂಗಿನ ಸಣ್ಣ ಕೊಳವೆಯಲ್ಲಿ ಹಾಲು ಇಳಿಸುತ್ತಿದ್ದಳು. ಅವ್ವನ ಬಲಗೈ, ಕಟ್ಟು ಬಿಟ್ಟಷ್ಟೇ ಎತ್ತರಕ್ಕೆ ಎದ್ದು, ಅಂಗೈ ಅಡ್ಡವಾಯಿತು.

“ಕೈ ನಡಗತಾವ್ರಿ ಅಜ್ಜಾರ. ಅಂಜಬ್ಯಾಡ್ರಿ, ಅದೇನಿಲ್ಲ” ಎಂದಳು ದಾದಿ.

“ಹೂಂ” ಎಂದೆ. ಆಗಲಾದರೂ ನಾನು ಬಾಯಿ ಬಿಡಬಹುದಾಗಿತ್ತು. ಅವಳು ಇನ್ನೂ ಕೆಲವು ದಿನ ಹಾಗೆಯೇ ಇದ್ದು, ನಾವಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ ಹೋದಳು.

ಟಿಕೋಟಾದ ಹೊಲದಲ್ಲಿ ಸಮಾಧಿ ಮಾಡುವಾಗ ಲಿಂಗವನ್ನು ಅವಳ ಅಂಗೈಯಲ್ಲಿಟ್ಟೆ. ಮಣಿಕಟ್ಟಿನ ಮೇಲೆ ಕಟ್ಟಿನ ಗುರುತು ಹಾಗೆಯೇ ಇತ್ತು. ನೆರೆದವರು, “ಕಡೀತನಕ ಮಗ ಏನೂ ಕಡಿಮಿ ಮಾಡಲಿಲ್ಲ ನೋಡ್ರಿ” ಎಂದು ಹೊಗಳಿದರು. ಅಕ್ಕ ನನ್ನತ್ತ ನೋಡಲಿಲ್ಲ.

ಈಗ ಊಟದ ಕೊನೆಯಲ್ಲಿ ಹೆಂಡತಿ ಸೌಟು ಹಿಡಿದು ನಿಂತಾಗ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ತಟ್ಟೆಯ ಮೇಲೆ ಅಂಗೈಯನ್ನಷ್ಟೇ ಅಡ್ಡ ಹಿಡಿಯುತ್ತೇನೆ. ಅವಳು ಅಲ್ಲಿಗೇ ನಿಲ್ಲಿಸುತ್ತಾಳೆ.