ಎದೆಗೆ ಮೂರು ಕೊಟೇಶನ್

ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಆಫೀಸಿನಲ್ಲಿ ಮೂರು ಕೊಟೇಶನ್ ಇಲ್ಲದೆ ಒಂದು ಬೋಲ್ಟ್ ಕೂಡ ಒಳಗೆ ಬರುತ್ತಿರಲಿಲ್ಲ. ಕಾರಿನ ಬಿಡಿಭಾಗ ತರಿಸಿ ಮಾರುವ ಕಂಪೆನಿ ಅದು. ನಾನು ಪರ್ಚೇಸ್ ವಿಭಾಗದ ಟೈಪಿಸ್ಟ್. ಬ್ರೇಕ್ ಲೈನಿಂಗ್ ಇರಲಿ, ಚಹಾಪುಡಿ ಇರಲಿ, ಮೂರು ಕಡೆಯಿಂದ ದರ ತರಿಸಬೇಕು. ಬೆಲೆ, ಡೆಲಿವರಿ, ಗ್ಯಾರಂಟಿ ಅಂತ ಗೆರೆ ಎಳೆದು ಉದ್ದ ಹಾಳೆಯಲ್ಲಿ ಟೈಪ್ ಮಾಡಬೇಕು. ಆಮೇಲೆ ಮ್ಯಾನೇಜರರ ಮೇಜಿನ ಮೇಲೆ ಇಡಬೇಕು. ಅವರು ಮೂರನ್ನೂ ಓದಿ, ಬಹಳ ಹೊತ್ತು ಯೋಚಿಸಿ, ಕೊನೆಗೆ ನಮ್ಮ ಕಫೀಲರ, ಅಂದರೆ ನಮ್ಮೆಲ್ಲರ ವೀಸಾ ಹಿಡಿದುಕೊಂಡಿದ್ದ ಕುವೈತಿ ಯಜಮಾನರ, ಭಾವನ ಅಂಗಡಿಯಿಂದಲೇ ತರಿಸುತ್ತಿದ್ದರು. ಆರು ವರ್ಷ ನಾನು ಈ ಪೂಜೆಯನ್ನು ಒಂದು ದಿನವೂ ತಪ್ಪಿಸದೆ ಮಾಡಿದ್ದೇನೆ.

ಅಂಥ ಆಫೀಸಿಗೆ 1990ರ ಆರಂಭದಲ್ಲಿ ಕೊಟೇಶನ್ನೇ ಇಲ್ಲದ ಒಂದು ಬಿಲ್ಲು ಬಂತು. ಕಫೀಲರ ಹೆಂಡತಿ ಬೆನ್ನುನೋವಿನ ಚಿಕಿತ್ಸೆಗೆಂದು ಲಂಡನ್ನಿಗೆ ಹೋಗಿ ಬಂದಿದ್ದರು. ಅದನ್ನು ಕಂಪೆನಿಯ ಖರ್ಚಿಗೆ ಹಾಕಲು ವೋಚರ್ ಟೈಪ್ ಮಾಡುವ ಕೆಲಸ ನನ್ನದು. ಬಿಲ್ಲಿನಲ್ಲಿ ಬೆನ್ನಿನ ಸುದ್ದಿ ಎಲ್ಲಿಯೂ ಇರಲಿಲ್ಲ. ಇದ್ದದ್ದೆಲ್ಲ ಮುಂಭಾಗದ್ದು, ಎಡ ಬಲ ಅಂತ ಬೇರೆ ಬೇರೆ ಸಾಲಿನಲ್ಲಿ. ಡಾಕ್ಟರರ ಫೀಸಿಗಿಂತ ಹೋಟೆಲಿನದ್ದು ಹೆಚ್ಚು, ಹೋಟೆಲಿಗಿಂತ ಜೊತೆಗೆ ಹೋದ ತಂಗಿ ಮತ್ತು ಕೆಲಸದವಳ ವಿಮಾನದ್ದು ಹೆಚ್ಚು, ಎಲ್ಲಕ್ಕಿಂತ ಹೆಚ್ಚು ಹೊಸ ಮೈಗೆ ಹೊಂದುವ ಹೊಸ ಬಟ್ಟೆಗಳದ್ದು. ನಾನು ಏನೂ ಗೊತ್ತಿಲ್ಲದವಳ ಹಾಗೆ 'ವೈದ್ಯಕೀಯ ವೆಚ್ಚ' ಎಂದು ಒಂದೇ ಸಾಲು ಟೈಪ್ ಮಾಡಿದೆ. ಆದರೆ ಇದು ದುಡ್ಡು ಕೊಟ್ಟರೆ ಸಿಗುವ ವಸ್ತು ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ನನಗೆ ಅದರ ಅಗತ್ಯವಿದೆ ಎಂದು ಗೊತ್ತುಮಾಡಿಸಿದವರು ನನ್ನ ಗಂಡ. ಇವರು ಅಹ್ಮದಿಯಲ್ಲಿ ಒಬ್ಬ ಕಂಟ್ರಾಕ್ಟರನ ಸ್ಟೋರ್‌ಕೀಪರ್. ಗುರುವಾರ ಸಂಜೆ ನಮ್ಮೂರ ಕಡೆಯ ನಾಲ್ಕು ಸಂಸಾರ ಒಂದು ಫ್ಲ್ಯಾಟಿನಲ್ಲಿ ಸೇರುವುದಿತ್ತು. ಗಂಡಸರು ಹೆಸರು ಹೇಳಬಾರದ ಪಾನೀಯವನ್ನು ಸೆವೆನಪ್ಪಿನಲ್ಲಿ ಬೆರೆಸಿ ಕುಡಿಯುವುದು, ಹೆಂಗಸರು ಕೋಳಿ ಸುಕ್ಕ ಬಡಿಸುವುದು. ಎರಡು ವರ್ಷದ ಹಿಂದೆ ಅಂಥ ಒಂದು ಸಂಜೆ ಯಾರೋ ಊರಿನ ಗುಡ್ಡೆಗಳನ್ನು ನೆನೆದು ನಿಟ್ಟುಸಿರು ಬಿಟ್ಟಾಗ ಇವರು ಹೇಳಿದರು: "ಕುವೈತಿನಲ್ಲಿ ಒಂದು ಗುಡ್ಡೆ ಇಲ್ಲ ಅಂತ ನಂಗೆ ಎಂತ ಬೇಜಾರೂ ಇಲ್ಲ ಮಾರಾಯ್ರೆ. ನಂಗೆ ಮನೆಯಲ್ಲೇ ಅಭ್ಯಾಸ ಉಂಟು."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ, ಕೈಯಲ್ಲಿ ಸೌಟು ಹಿಡಿದುಕೊಂಡು. ಆ ಜೋಕು ಇವರಿಗೆ ಎಷ್ಟು ಇಷ್ಟವಾಯಿತೆಂದರೆ ಹೊಸಬರು ಬಂದಾಗಲೆಲ್ಲ ಮತ್ತೆ ಹೇಳುತ್ತಿದ್ದರು. ಮಗಳಿಗೆ ಎರಡೂವರೆ ವರ್ಷ ಹಾಲು ಕೊಟ್ಟು ಇಳಿದುಹೋದ ಎದೆ ಅದು. ಜೋಕಿನಲ್ಲಿ ಆ ವಿಷಯ ಬರುತ್ತಿರಲಿಲ್ಲ. ನನಗೆ ಅವಮಾನವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹಾಗೆಂದು ಹೇಳಿದರೆ ಜೋಕು ಅರ್ಥವಾಗದ ಹೆಂಗಸು ಎಂಬ ಇನ್ನೊಂದು ಹೆಸರು ಸೇರಿಕೊಳ್ಳುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ ಮಾತು. ನೀನು ಇದ್ದ ಹಾಗೆ ಸರಿ ಇದ್ದೀ ಎಂದು ಇವರು ಒಂದು ಸಲ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲವಾದ್ದರಿಂದ ನಾನು ಆಫೀಸಿನಲ್ಲಿ ಕಲಿತದ್ದನ್ನು ಮಾಡಿದೆ, ಮೂರು ಕೊಟೇಶನ್ ತರಿಸಿದೆ.

ಲಂಡನ್ನಿನ ದರ ಕಫೀಲರ ಹೆಂಡತಿಯ ಬಿಲ್ಲಿನಿಂದಲೇ ಸಿಕ್ಕಿತು. ಹೊಸ ಬಟ್ಟೆ ಬಿಟ್ಟು ಲೆಕ್ಕ ಹಾಕಿದರೂ ನನ್ನ ಎರಡು ವರ್ಷದ ಸಂಬಳ. ಮನೀಲಾದ ದರವನ್ನು ನಮ್ಮ ಆಫೀಸಿನ ಫಿಲಿಪೀನಿ ರಿಸೆಪ್ಶನಿಸ್ಟ್ ತರಿಸಿಕೊಟ್ಟಳು. ಅವಳ ಚಿಕ್ಕಮ್ಮನ ಮಗಳು ಮಾಡಿಸಿಕೊಂಡು ಐದು ವರ್ಷವಾಗಿ ಈಗಲೂ ಚೆನ್ನಾಗಿದೆಯಂತೆ. ಬೊಂಬಾಯಿಯ ಒಬ್ಬ ಡಾಕ್ಟರರಿಗೆ ನಾನೇ ಕಾಗದ ಬರೆದೆ. ಬರೆದದ್ದು ಕುವೈತಿನ ವಿಳಾಸದಿಂದ ಆದ್ದರಿಂದ ಅವರು ನನ್ನನ್ನು 'ಫಾರಿನ್ ಪೇಷೆಂಟ್' ಮಾಡಿ ಡಾಲರಿನಲ್ಲಿ ದರ ಕಳಿಸಿದರು. ಕುವೈತಿನಲ್ಲಿ ಹೇಗೂ ಪರದೇಶಿ, ಈಗ ಬೊಂಬಾಯಿಗೂ ಪರದೇಶಿಯಾದೆ. ಊಟದ ವಿರಾಮದಲ್ಲಿ ಮೂರನ್ನೂ ಆಫೀಸಿನ ಹಾಳೆಯಲ್ಲಿ ಕ್ರಮವಾಗಿ ಟೈಪ್ ಮಾಡಿದೆ. ವಸ್ತು: ಒಂದು ಜೊತೆ. ಡೆಲಿವರಿ: ಎರಡು ವಾರ. ಗ್ಯಾರಂಟಿಯ ಕೆಳಗೆ ಬೊಂಬಾಯಿಯವರ ಜಾಗ ಖಾಲಿ ಬಿಟ್ಟೆ, ಯಾಕೆಂದರೆ ಅವರು ಏನೂ ಬರೆದಿರಲಿಲ್ಲ.

ಮನೀಲಾ ಎಲ್ಲಕ್ಕಿಂತ ಅಗ್ಗವಾಗಿತ್ತು. ಆದರೆ ಮನೀಲಾದಲ್ಲಿ ಅಕ್ಕ ಇರುವ ತುಳುವರನ್ನು ನಾನು ಎಲ್ಲಿಯೂ ಕಂಡಿಲ್ಲ. ಬೊಂಬಾಯಿಯಲ್ಲಿ ನನಗೆ ಅಕ್ಕ ಇದ್ದಳು. ಆಗಸ್ಟಿನ ರಜೆಯಲ್ಲಿ ಮೂವರೂ ಹೊರಡುವುದು, ಇವರು ಮಗಳನ್ನು ಕರೆದುಕೊಂಡು ಊರಿಗೆ ಹೋಗುವುದು, ನಾನು ಬೆನ್ನುನೋವು ತೋರಿಸಲು ಅಕ್ಕನ ಮನೆಯಲ್ಲಿ ಉಳಿಯುವುದು. ಬೆನ್ನುನೋವನ್ನು ಕಫೀಲರ ಹೆಂಡತಿಯಿಂದಲೇ ಕಡ ತಂದಿದ್ದೆ. ವಾಪಸು ಬಂದ ಮೇಲೆ ಗಂಡನಿಗೆ ಗೊತ್ತಾಗದೇ ಎಂದು ನೀವು ಕೇಳಬಹುದು. ಇವರು ನನ್ನನ್ನು ಸರಿಯಾಗಿ ನೋಡುವಾಗ ದೀಪಾವಳಿ ಬರುತ್ತದೆ, ಅಷ್ಟರಲ್ಲಿ ಏನಾದರೂ ಹೇಳಿದರಾಯಿತು ಎಂದುಕೊಂಡಿದ್ದೆ. ಇವರಿಗೆ ಗೊತ್ತಿಲ್ಲದ ಹಾಗೆ ಹೆಂಗಸರ ಚೀಟಿಗೆ ಸೇರಿದ್ದೆ. ಜುಲೈಯಲ್ಲಿ ಚೀಟಿ ಎತ್ತಿ, ದಿನಾರುಗಳನ್ನು ಟೈಪ್ ಮಾಡಿದ ಹಾಳೆಯಲ್ಲೇ ಸುತ್ತಿ, ಪ್ಲಾಸ್ಟಿಕ್ಕಿಗೆ ಹಾಕಿ ಕುಚ್ಚಲಕ್ಕಿಯ ಡಬ್ಬಿಯ ತಳದಲ್ಲಿ ಇಟ್ಟೆ. ಟಿಕೇಟು ಬಂತು, ಆಫೀಸುಗಳಿಂದ ನಮ್ಮ ಪಾಸ್‌ಪೋರ್ಟುಗಳೂ ಕೈಗೆ ಬಂದವು.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯವೂ ಬಂತು. ವಿಮಾನ ನಿಲ್ದಾಣ ಮುಚ್ಚಿತು, ಬ್ಯಾಂಕು ಮುಚ್ಚಿತು. ಕಫೀಲರ ಸಂಸಾರ ಎಂದಿನಂತೆ ಬೇಸಿಗೆ ಕಳೆಯಲು ಲಂಡನ್ನಿನಲ್ಲಿತ್ತು. ಪ್ರತಿ ಸಮಾರಂಭದಲ್ಲೂ ವೇದಿಕೆಯ ಮೇಲೆ ಕೂತು ನಮ್ಮ ಸಮಾಜಕ್ಕೆ ಧೈರ್ಯ ಹೇಳುತ್ತಿದ್ದ ಮುಖಂಡರು ನಾಲ್ಕೇ ದಿನದಲ್ಲಿ ಸ್ವಂತ ಕಾರು ಹತ್ತಿ ಹೊರಟುಹೋದರು. ನಮ್ಮ ಗೋದಾಮನ್ನು ಸೈನಿಕರು ಲಾರಿ ತಂದು ಖಾಲಿ ಮಾಡಿದರಂತೆ, ಒಂದೇ ಒಂದು ಕೊಟೇಶನ್ ಕೇಳದೆ.

ನಮ್ಮ ಫ್ಲ್ಯಾಟಿನ ಕೆಳಗೆ ದಿನಸಿ ಅಂಗಡಿ ಇಟ್ಟಿದ್ದವರು ಮಂಗಳೂರು ಕಡೆಯ ಒಬ್ಬ ಬ್ಯಾರಿ ಕಾಕ. ಹೊರಡುವವರಿಗೆ ಬಸ್ಸು ಗೊತ್ತುಮಾಡಿಕೊಡುತ್ತಿದ್ದವರು ಅವರೇ. ಮೂರನೆಯ ವಾರ ಮೇಲೆ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ಅಕ್ಕಾ, ಸೋಮವಾರ ಒಂದು ಬಸ್ಸುಂಟು. ಬಸ್ರಾ, ಬಗ್ದಾದ್, ಅಲ್ಲಿಂದ ಜೋರ್ಡಾನ್ ಬಾರ್ಡರ್. ಮೂರು ಸೀಟು ನಿಮಗೆ ಹಿಡಿದಿಟ್ಟಿದ್ದೇನೆ. ದುಡ್ಡು ಮಾತ್ರ ಮೊದಲೇ ಆಗಬೇಕು, ಡ್ರೈವರ್ ಸಾಲ ಕೇಳುವ ಜನ ಅಲ್ಲ."

ಇವರು ಕಿಸೆ ತಡಕಿ, ಗೋಡೆ ನೋಡಿ, "ಅಷ್ಟು ಎಲ್ಲುಂಟು ಕಾಕಾ? ಸಂಬಳವೇ ಆಗಲಿಲ್ಲ. ಮುಂದಿನ ಬಸ್ಸು ನೋಡುವ" ಎಂದರು.

ನಾನು ಅಲ್ಲೇ ನಿಂತಿದ್ದೆ. ಅಕ್ಕಿ ಡಬ್ಬಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಬಾಯಿ ತೆರೆಯಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಯುದ್ಧ ಒಂದು ವಾರದಲ್ಲಿ ಮುಗಿಯಬಹುದು, ವಿಮಾನ ಶುರುವಾಗಬಹುದು, ಡಾಕ್ಟರರು ಇನ್ನೊಂದು ದಿನ ಕೊಡಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ದೇಶವೊಂದು ಕಣ್ಣೆದುರೇ ಮುಳುಗುತ್ತಿರುವಾಗ ನಾನು ಇನ್ನೂ ಬಾರದ ನನ್ನ ಎದೆಯನ್ನು ಕಾಪಾಡುತ್ತಿದ್ದೆ. ಆ ಮೂರು ಸೀಟು ಬೇರೆ ಸಂಸಾರಕ್ಕೆ ಹೋಯಿತು. ಅದರ ಮುಂದಿನ ಬಸ್ಸೂ ನಾವಿಲ್ಲದೆ ಹೋಯಿತು.

ಅಷ್ಟರಲ್ಲಿ ಒಂಬತ್ತು ವರ್ಷದ ಮಗಳು ಬಾಗಿಲು ಬಡಿದ ಸದ್ದಾದರೆ ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಳ್ಳಲು ಶುರುಮಾಡಿದಳು. ಒಂದು ಮಧ್ಯಾಹ್ನ ಬಂದದ್ದು ಕಾಕ, ಒಂದಿಷ್ಟು ಕುಬ್ಬೂಸ್ ರೊಟ್ಟಿ ಕೊಡಲಿಕ್ಕೆ. ಅವರು ಹೋಗಿ ಒಂದು ಗಂಟೆಯಾದರೂ ಅವಳು ಚಿಲಕ ತೆಗೆಯಲಿಲ್ಲ. ಒಳಗಿನಿಂದ "ಹ್ಯಾವ್ ದೇ ಗಾನ್?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು, ಹೋದರು ಎಂದರೆ ನಂಬುತ್ತಿರಲಿಲ್ಲ. ಅವಳು ಹೊರಗೆ ಬಂದ ಕೂಡಲೇ ನಾನು ಅಡುಗೆಮನೆಗೆ ಹೋಗಿ ಅಕ್ಕಿಯನ್ನು ನೆಲಕ್ಕೆ ಸುರಿದೆ.

ಇವರು ದುಡ್ಡು ನೋಡಿ ಗಾಬರಿಯಾದರು. "ಎಂತ ಇದು? ಎಲ್ಲಿಂದ ತಂದೆ?"

"ಚೀಟಿಯದ್ದು. ಆ ಕಾಗದ ಓದಿ, ಗೊತ್ತಾಗ್ತದೆ," ಎಂದೆ. ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಇವರು ನೆಲದಲ್ಲಿ ಅಕ್ಕಿಯ ನಡುವೆ ಕೂತು, ಕನ್ನಡಕ ಹಾಕಿಕೊಂಡು ಹಾಳೆಯನ್ನು ಓದಿದರು. ಮೊದಲಿನಿಂದ ಕೊನೆಯವರೆಗೆ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು. ಹದಿನೈದು ವರ್ಷ ಸ್ಟೋರ್‌ಕೀಪರ್ ಆಗಿದ್ದ ಮನುಷ್ಯ. ಆ ಜೋಕಿನ ನೆನಪಾಗಿ ಈಗ ಮುಖ ಮುಚ್ಚಿಕೊಳ್ಳುತ್ತಾರೆ, ಈಗ ಆ ಒಂದು ಮಾತು ಹೇಳುತ್ತಾರೆ ಎಂದು ನಾನು ಕಾಯುತ್ತಾ ನಿಂತಿದ್ದೆ. ಇವರು ತಲೆ ಎತ್ತಿದರು.

"ಟಿಕೇಟು ಸೇರಿಸಿದ್ರೂ ಮನೀಲಾದ್ದು ಕಮ್ಮಿ ಉಂಟಲ್ಲ? ಮತ್ತೆ ಬೊಂಬಾಯಿ ಯಾಕೆ ಹಾಕಿದ್ದು?"

ನಾನು ಅಕ್ಕಿ ಗೋರಲು ಕೂತೆ. ಇವರು ಆ ಹಾಳೆಯನ್ನು ಚೂರು ಚೂರು ಮಾಡಿ, ತಾವೂ ಅಕ್ಕಿ ಗೋರಲು ಬಂದರು.

ಬಸ್ಸಿನ ಹಣ ಕೊಟ್ಟ ಮೇಲೂ ಸುಮಾರು ಉಳಿಯಿತು. ಅಮ್ಮಾನಿನಲ್ಲಿ ಎಷ್ಟು ದಿನ ಕಾಯಬೇಕೋ, ಊರಿಗೆ ಹೋಗಿ ಎಷ್ಟು ತಿಂಗಳು ತಿನ್ನಬೇಕೋ, ಎಲ್ಲಕ್ಕೂ ಅದೇ. ಗಡಿಯಲ್ಲಿ ಇರಾಕಿನವರು ದುಡ್ಡು, ಚಿನ್ನ ಎಲ್ಲ ತೆಗೆದುಕೊಳ್ಳುತ್ತಾರೆ ಎಂದು ಕಾಕ ಎಚ್ಚರಿಸಿದ್ದರು. "ನಮ್ಮ ಉಮ್ಮಂದಿರು ಇಡುವ ಜಾಗದಲ್ಲಿ ಇಡಿ ಅಕ್ಕಾ," ಎಂದು ನೆಲ ನೋಡುತ್ತಾ ಹೇಳಿದರು. ಊರಿನ ಹೆಂಗಸರು ಮೀನು ಮಾರಿದ ಚಿಲ್ಲರೆಯಿಂದ ಹಿಡಿದು ಜಮೀನು ಮಾರಿದ ನೋಟಿನವರೆಗೆ ಎಲ್ಲವನ್ನೂ ಇಡುವುದು ರವಕೆಯೊಳಗೆ ತಾನೇ? ನಾನು ನೋಟುಗಳನ್ನು ಎರಡು ಪಾಲು ಮಾಡಿ, ಸದ್ದಾಗದಂತೆ ಟಿಶ್ಯೂ ಪೇಪರನ್ನು ಪದರ ಪದರವಾಗಿ ಸುತ್ತಿ, ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡೆ. ಕನ್ನಡಿ ನೋಡಿದೆ. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಬಸ್ಸಿನಲ್ಲಿ ಮಗಳು ನನ್ನನ್ನೇ ದಿಟ್ಟಿಸಿ ನೋಡಿ, "ಮಮ್ಮೀ, ಆರ್ ಯೂ ಗೆಟಿಂಗ್ ಫ್ಯಾಟ್?" ಎಂದಳು. ಊಟವಿಲ್ಲದೆ ಎಲ್ಲರೂ ಸೊರಗಿದ್ದ ಆ ಬಸ್ಸಿನಲ್ಲಿ ಮೈ ಬಂದವಳು ನಾನೊಬ್ಬಳೇ.

ಮೂರನೆಯ ದಿನ ಜೋರ್ಡಾನ್ ಗಡಿಗೆ ಮುಟ್ಟಿದೆವು. ಹೆಂಗಸರನ್ನು ಬೇರೆ ಮಾಡಿ ಒಂದು ಟೆಂಟಿನೊಳಗೆ ಒಬ್ಬೊಬ್ಬರಾಗಿ ಕರೆದರು. ಒಳಗೆ ಖಾಕಿ ಹಾಕಿದ ಒಬ್ಬಳು ದಪ್ಪ ಹೆಂಗಸು, ಮೇಜಿನ ಮೇಲೆ ನನಗಿಂತ ಮೊದಲು ಹೋದವರ ಬಳೆ, ಸರ. ಅವಳು ನನ್ನ ಸೊಂಟ ತಡವಿದಳು, ಜಡೆ ಬಿಚ್ಚಿ ನೋಡಿದಳು, ಆಮೇಲೆ ಎದೆಯ ಮೇಲೆ ಕೈಯಿಟ್ಟು ಒತ್ತಿದಳು. ಒತ್ತಿದ ಕೂಡಲೇ ಹುಬ್ಬು ಮೇಲೆ ಹೋಯಿತು. "ಶಿನೂ ಹಾದಾ?" ಎಂದಳು, ಇದೇನು ಅಂತ. ಕುತ್ತಿಗೆಯ ಹತ್ತಿರ ಎರಡು ಬೆರಳು ಹಾಕಿ ಒಂದು ಟಿಶ್ಯೂ ಎಳೆದಳು. ಇನ್ನೊಂದು ಎಳೆದಳು. ಮೂರನೆಯದು ಬಂತು. ಸುತ್ತಿದವಳು ನಾನೇ ಆದ್ದರಿಂದ ಒಳಗೆ ಇನ್ನು ಒಂದೇ ಪದರ ಉಳಿದಿದೆ ಎಂದು ನನಗೆ ಗೊತ್ತಿತ್ತು.

ಆಗ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ನನ್ನ ಎದೆಯ ಮೇಲೆ ನಾನೇ ಬಡಿದುಕೊಂಡು, ಆಫೀಸಿನ ಚಹಾದವನಿಂದ ಕಲಿತ ಹರಕು ಅರಬ್ಬಿಯಲ್ಲಿ, "ಮಾಫಿ! ಅನಾ ಮಾಫಿ! ಕುಲ್ಲು ಮಾಫಿ!" ಎಂದೆ. ಇಲ್ಲ, ನನಗೆ ಇಲ್ಲ, ಏನೂ ಇಲ್ಲ ಎಂದು. ಹೇಳುತ್ತಾ ಹೇಳುತ್ತಾ ಅಳು ಬಂತು. ಅದು ನಾಟಕದ ಅಳು ಆಗಿರಲಿಲ್ಲ. ಎರಡು ವರ್ಷದಿಂದ ಸೌಟು ಹಿಡಿದು ನಕ್ಕದ್ದೆಲ್ಲ ಒಟ್ಟಿಗೆ ಬಂತು. ಯಾವುದನ್ನು ಯಾರಿಗೂ ಹೇಳಬಾರದೆಂದು ನಾಲ್ಕು ತಿಂಗಳ ಸಂಬಳ ಕೂಡಿಟ್ಟಿದ್ದೆನೋ ಅದನ್ನೇ, ಗುರುತಿಲ್ಲದ ಮರುಭೂಮಿಯಲ್ಲಿ, ಗುರುತಿಲ್ಲದ ಪೊಲೀಸಿನವಳ ಎದುರು ಕೂಗಿ ಹೇಳುತ್ತಿದ್ದೆ.

ಅವಳ ಕೈ ನಿಂತಿತು. ಕೈಯಲ್ಲಿದ್ದ ಟಿಶ್ಯೂ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾದಂತಾಯಿತು. "ಮಿಸ್ಕೀನಾ," ಎಂದಳು ಮೆಲ್ಲಗೆ, ಪಾಪದವಳು ಎಂದು. ಎಳೆದ ಮೂರು ಟಿಶ್ಯೂಗಳನ್ನೂ ಮಡಚಿ, ತನ್ನ ಕೈಯಿಂದಲೇ ಇದ್ದಲ್ಲಿಗೆ ತುರುಕಿ, ನನ್ನ ಸೆರಗು ಸರಿಮಾಡಿದಳು. "ಯಲ್ಲಾ, ಹೋಗು" ಎಂದು ಕೈ ತೋರಿಸಿದಳು.

ಹೊರಗೆ ಬಿಸಿಲಿನಲ್ಲಿ ಇವರು ಮಗಳ ಕೈ ಹಿಡಿದು ನಿಂತಿದ್ದರು. ನನ್ನ ಕಣ್ಣು ನೋಡಿ ಎಲ್ಲ ಹೋಯಿತೆಂದೇ ತಿಳಿದರು. "ಸಿಕ್ಕಿತಾ ಅವಳಿಗೆ?"

"ಇಲ್ಲ. ನನಗೆ ಏನೂ ಇಲ್ಲ ಅಂತ ನಾನೇ ಹೇಳಿದೆ. ನಂಬಿದಳು."

ಇವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗಲಿಲ್ಲ. ಮಗಳ ಕೈಯನ್ನು ಬಿಟ್ಟು, ಹಿಡಿದು, ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡರು. ಒಂದಷ್ಟು ದೂರ ನಡೆದ ಮೇಲೆ ಮುಂದೆ ನೋಡುತ್ತಲೇ, "ನಿಂಗೆ ಅದೆಲ್ಲ ಬೇಕಿರಲಿಲ್ಲ ಮಾರಾಯ್ತಿ. ನೀನು ಇದ್ದ ಹಾಗೇ ಸಮ ಇದ್ದೀ" ಎಂದರು.

"ಈ ಮಾತು ನೀವು ಎರಡು ವರ್ಷ ಮೊದಲು ಹೇಳಿದ್ರೆ," ಎಂದೆ, "ಇವತ್ತು ನಮ್ಮ ಹತ್ರ ಬಸ್ಸಿನ ದುಡ್ಡೂ ಇರ್ತಿರಲಿಲ್ಲ."