ಏಳನೇ ಹಾಡಿನ ಕೊನೆಯ ಭಾಗ

ಬಸ್ಸುಗಳು ಡಿಪೋ ಬಿಟ್ಟು ಹೊರಡದ, ಶಾಲೆಯ ಗಂಟೆ ಬಾರಿಸದ ದಿನಗಳು ಅವು. ಪ್ರತ್ಯೇಕ ರಾಜ್ಯ ಬೇಕೆಂದು ತೆಲಂಗಾಣವೆಲ್ಲ ಕೆಲಸ ನಿಲ್ಲಿಸಿ ಕೂತಿತ್ತು. ಜಹೀರಾಬಾದಿನ ನಮ್ಮ ಓಣಿಯ ಮಕ್ಕಳಿಗೆ ಮೊದಲ ವಾರ ಹಬ್ಬ. ಎರಡನೇ ವಾರಕ್ಕೆ ಕುಂಟಾಬಿಲ್ಲೆ, ಚೌಕಾಬಾರಾ ಎಲ್ಲ ಆಡಿ ಮುಗಿದು ಚಡಪಡಿಕೆ ಶುರುವಾಯಿತು. ನಾನಂತೂ ಪಡಸಾಲೆಯಿಂದ ಬಾಗಿಲಿಗೆ, ಬಾಗಿಲಿಂದ ಪಡಸಾಲೆಗೆ ದಿನಕ್ಕೆ ನೂರು ಸಲ ಅಡ್ಡಾಡುತ್ತಿದ್ದೆ.

"ಕಾಲಿಗಿ ಚಕ್ರ ಕಟ್ಕೊಂಡೀ ಏನ? ಒಂದ್ ಕಡಿ ಕೂಡ್ರವಾ," ಎಂದು ಅವ್ವ ಬೈಯುತ್ತಿದ್ದಳು. ಜೋಳದ ಚೀಲದಲ್ಲಿ ಹಣ್ಣಿಗಿಟ್ಟ ಸೀತಾಫಲದ ವಾಸನೆ ಮನೆಯೆಲ್ಲ ತುಂಬಿಕೊಂಡಿತ್ತು.

ಅಪ್ಪ ತಹಸೀಲ್ ಕಚೇರಿಯ ಗುಮಾಸ್ತ. ಕಚೇರಿಗೆ ಬೀಗ ಬಿದ್ದಿದ್ದರಿಂದ ಬೆಳಗಾದರೆ ಚೌರಸ್ತೆಯ ಧರಣಿ ಪೆಂಡಾಲಿನಲ್ಲಿ ಹೋಗಿ ಕೂರುತ್ತಿದ್ದ. ಫೋನನ್ನು ಮಾತ್ರ ಮನೆಯಲ್ಲೇ ಬಿಡುತ್ತಿದ್ದ, ಬೀದರಿನಿಂದ ದೊಡ್ಡವ್ವನ ಕರೆ ಬರಬೇಕಿತ್ತು. ಅಕ್ಕನ ಕಾಲೇಜೂ ಮುಚ್ಚಿ ತಿಂಗಳಾಗುತ್ತ ಬಂದಿತ್ತು. ಗಡಿಯ ಆಚೆ ಬೀದರಿನಲ್ಲಿ ಎಲ್ಲ ನಡೆದೇ ಇತ್ತು. ಅಲ್ಲಿ ಸೀಟು ಸಿಕ್ಕ ದಿನವೇ ಅಕ್ಕನನ್ನು ದೊಡ್ಡವ್ವನ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಆ ಮಾತು ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಆ ಫೋನಿನ ಮೆಮೊರಿ ಕಾರ್ಡಿಗೆ ಅಪ್ಪ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ಬಂದಿದ್ದ. ಆರು ಚಳವಳಿಯ ಹಾಡು. ಏಳನೆಯದನ್ನು ಅಂಗಡಿಯವನು ತಪ್ಪಿ ಹಾಕಿದನೋ, ಜಾಗ ಉಳಿಯಿತೆಂದು ಹಾಕಿದನೋ, ಅದರಲ್ಲಿ ಬರೀ ಗಿಟಾರು, ಡ್ರಮ್ಮು. ಹಾಡುವವರೇ ಇಲ್ಲ! ಯಾವುದೋ ಹೆಸರಾಂತ ಇಂಗ್ಲಿಷ್ ರಾಕ್ ಹಾಡನ್ನು ವಾದ್ಯದಲ್ಲಷ್ಟೇ ನುಡಿಸಿದ್ದು ಅದು ಎಂದು ನಮಗೇನು ಗೊತ್ತು? ಪೆಂಡಾಲಿನಲ್ಲಿ ಹಾಡುವವರು ದಿನವೂ ಒಂದು ಧಾಟಿ ಹಿಡಿದು ಅದಕ್ಕೆ ಹೊಸ ಮಾತು ಕಟ್ಟುವುದನ್ನು ನೋಡಿದ್ದೆವು. ಇದಕ್ಕೆ ಇನ್ನೂ ಯಾರೂ ಕಟ್ಟಿಲ್ಲ ಅಂದುಕೊಂಡು ನಾವಿಬ್ಬರೇ ಕಟ್ಟಲು ಕೂತೆವು.

"ಬಸ್ಸು ನಿಂತಾವ, ಸಾಲಿ ಮುಚ್ಯಾವ, ಸೀತಾಫಲ ಮಾತ್ರ ಹಣ್ಣಾಗ್ಯಾವ" ಎಂದು ಅಕ್ಕ ಮೊದಲ ಸಾಲು ಹಾಡಿದಾಗ ನಾನು ಕುಣಿದೇಬಿಟ್ಟೆ. ಕರೆಂಟು ಇದ್ದಷ್ಟು ಹೊತ್ತು ಫೋನಿಗೆ ಚಾರ್ಜು, ಚಾರ್ಜು ಇದ್ದಷ್ಟು ಹೊತ್ತು ಹಾಡು. ವಾರದಲ್ಲಿ ಹಾಡೆಲ್ಲ ತುಂಬಿತು, ಕೊನೆಯ ಭಾಗವೊಂದು ಬಿಟ್ಟು. ಅಲ್ಲಿ ಗಿಟಾರು ಒಂದೇ ಸಮನೆ ಓಡುತ್ತಿತ್ತು, ಯಾವ ಮಾತೂ ಅದರ ಹಿಂದೆ ಓಡಲಾರದು.

"ಮುಗಿಸೇ ಹೋಗ್ತೀನಿ. ಅರ್ಧಕ್ಕ ಬಿಟ್ಟು ಹೋಗಾಕಿ ಅಲ್ಲ ನಾ," ಎಂದಳು ಅಕ್ಕ.

ಅಷ್ಟು ಸಾಕಾಯಿತು ನನಗೆ. ಹಾಡು ಮುಗಿಯದಿದ್ದರೆ ಅಕ್ಕ ಹೋಗುವುದಿಲ್ಲ! ಅಂದಿನಿಂದ ಅವಳು ಏನು ಕಟ್ಟಿದರೂ ನಾನು ತಲೆ ಅಲ್ಲಾಡಿಸಿದೆ.

"ಇದು ಕೂಡಂಗಿಲ್ಲ ಅಕ್ಕ."

"ಹಂಗಾರ ನೀನರ ಹೇಳು!"

"ನನಗ ಬರಂಗಿಲ್ಲ."

"ನಿನಗ ಯಾವ್ದೂ ಒಪ್ಪಂಗಿಲ್ಲ. ಮೊಂಡಿ ಅದೀ ನೀ," ಎಂದು ಅವಳು ಒಮ್ಮೆ ಸಿಟ್ಟಿಗೆದ್ದು ಫೋನನ್ನು ಹಾಸಿಗೆಯ ಮೇಲೆ ಒಗೆದಳು. ನಾನೂ ಬಿಡಲಿಲ್ಲ, ಮುಖ ತಿರುವಿದೆ. ಎರಡು ದಿನ ಇಬ್ಬರಿಗೂ ಮಾತಿಲ್ಲ. ಒಂದೇ ತಾಟಿನಲ್ಲಿ ಉಣ್ಣುವವರು ಬೇರೆ ಬೇರೆ ಕೂತು ರೊಟ್ಟಿ ಮುರಿದೆವು.

ಮೂರನೇ ದಿನ ಅಕ್ಕ ಒಬ್ಬಳೇ ಏಳನೇ ಹಾಡು ಹಚ್ಚಿಕೊಂಡು ಕೂತಿದ್ದಳು. ಕೊನೆಯ ಭಾಗ ಶುರುವಾಗಿತ್ತು, ಅಷ್ಟರಲ್ಲಿ ಹಾಡು ನಿಂತು ಫೋನು ರಿಂಗಾಯಿತು. ಅವ್ವ ಎತ್ತಿದಳು. ದೊಡ್ಡವ್ವನ ದನಿ ಪಡಸಾಲೆಗೆಲ್ಲ ಕೇಳಿಸಿತು: "ಸೀಟ್ ಆತವಾ. ನಾಳಿಗೇ ಕಳಸು."

ಮರುದಿನ ಮುಂಜಾನೆ, ತರಕಾರಿ ಇಳಿಸಿ ಗಡಿಯ ಹತ್ತಿರದ ಮೊಗುಡಂಪಲ್ಲಿಗೆ ಖಾಲಿ ಹೊರಟಿದ್ದ ಟಂಟಂ ಆಟೋದಲ್ಲಿ ಅಪ್ಪ ಅವಳನ್ನು ಕೂರಿಸಿಕೊಂಡು ಹೊರಟ. ಗಡಿ ದಾಟಿದರೆ ಬೀದರಿಗೆ ಬಸ್ಸು. "ಉಳಿದಿದ್ದು ನೀ ಕಟ್ಟವಾ," ಎಂದು ಅಕ್ಕ ಬಾಗಿಲಿಂದಲೇ ಕೂಗಿದಳು. ನಾನು ಜೋಳದ ಚೀಲದ ಹಿಂದೆ ಕೂತಿದ್ದೆ, ಏಳಲಿಲ್ಲ. ಕೊಟ್ಟ ಮಾತು ತಪ್ಪಿದಳೆಂಬ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದಿದ್ದವು.

ಕೇಳಿದ ರಾಜ್ಯ ಬಂತು. ಅಕ್ಕ ಬೀದರಿನವಳೇ ಆದಳು. ಓದು, ನೌಕರಿ, ಮದುವೆ, ಎಲ್ಲ ಅಲ್ಲಿಯೇ. ನಾನು ತಾಂಡೂರಿನಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದೆ. ಹೋದ ವರ್ಷ ಅಲ್ಲಿಯ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದಾಗ ನಮ್ಮ ಹಾಡು ಕೇಳಿಸಿತು. ಯಾರೋ ಇಂಗ್ಲಿಷಿನಲ್ಲಿ ಅರಚಿಕೊಂಡು ಹಾಡುತ್ತಿದ್ದ. ನಮ್ಮ ಹಾಡಿನೊಳಗೆ ಇವನನ್ನು ಯಾರು ಬಿಟ್ಟರು ಎಂದು ಮೈಯುರಿಯಿತು. ಕೊನೆಯ ಭಾಗ ಬಂತು. ಹಾಡುವವನು ಸುಮ್ಮನಾದ. ಬರೀ ಗಿಟಾರು ಓಡಿತು, ಹಾಡು ಮುಗಿಯಿತು.

ಚಹಾ ಅಲ್ಲೇ ಬಿಟ್ಟು ಹೊರಗೆ ಬಂದು ಅಕ್ಕನಿಗೆ ಫೋನು ಹಚ್ಚಿದೆ. "ನಮ್ಮ ಏಳನೇ ಹಾಡಿಗಿ ಮೊದಲೇ ಮಾತಿದ್ವು ಅಕ್ಕ, ನಮಗ ಗೊತ್ತೇ ಇರಲಿಲ್ಲ."

"ಹೌದಾ? ಕಡೀಗಿ ಏನ್ ಹಾಕ್ಯಾರ?"

"ಏನೂ ಇಲ್ಲ. ಬರೀ ಗಿಟಾರ."

"ಹಂಗಾರ ನಾ ಮುಗಿಸೇ ಹೋಗಿದ್ನಲ್ಲ!" ಎಂದು ಅಕ್ಕ ನಕ್ಕಳು.

ನನಗೆ ನಗು ಬರಲಿಲ್ಲ. ಈಗ ಆ ಧಾಟಿ ಬಂದರೆ ಬಾಯಿಗೆ ಇಂಗ್ಲಿಷ್ ಮಾತೇ ಬರುತ್ತದೆ. ನಾವು ಕಟ್ಟಿದ್ದರಲ್ಲಿ ಸೀತಾಫಲದ ಒಂದು ಸಾಲು ಉಳಿದಿದೆ, ಅಷ್ಟೇ. ಆದರೆ ನನ್ನನ್ನು ಚುಚ್ಚುವುದು ಆ ಎರಡು ದಿನ. ಅಕ್ಕ ನಮ್ಮ ಮನೆಯವಳಾಗಿ ಇದ್ದ ಕೊನೆಯ ದಿನಗಳಲ್ಲಿ ಎರಡನ್ನು, ಹಾಡಿನಲ್ಲಿ ಮಾತೇ ಬೇಕಿಲ್ಲದ ಒಂದು ಜಾಗಕ್ಕಾಗಿ, ಅವಳಿಗೆ ಮುಖ ತಿರುವಿಕೊಂಡು ಕಳೆದೆ.