ನಿಲ್ಮಿನಿ ಎಂಬುವವರು

ತಮ್ಮ ಮನೆಯ ಬಾಗಿಲನ್ನೇ ತಟ್ಟಿ ಒಳಗೆ ಬರುವವರನ್ನು ನಾನು ಕಂಡಿದ್ದು ಒಬ್ಬರನ್ನೇ: ನನ್ನ ವೈನಿ, ಅಣ್ಣನ ಹೆಂಡತಿ. ಬಾಗಿಲು ಪೂರ್ತಿ ತೆರೆದಿರುತ್ತಿತ್ತು, ಕೈಯಲ್ಲಿ ಕೊತ್ತಂಬರಿ ಸಿವುಡು ಇರುತ್ತಿತ್ತು. ಆದರೂ ಬೆರಳ ಗೆಣ್ಣಿನಿಂದ ಚೌಕಟ್ಟಿಗೆ ಕುಟ್ಟಿ, ಕ್ಷಣ ನಿಂತು, ಆಮೇಲೆ ಹೊಸ್ತಿಲು ದಾಟುತ್ತಿದ್ದರು.

ಅವ್ವ ಒಳಗಿನಿಂದ ಒದರುತ್ತಿದ್ದಳು: "ಬಾರವಾ ತಾಯಿ, ನಿಂದ ಮನಿ! ಏನ್ ಬಾಜಾ ಬಜಂತ್ರಿ ತರಸ್ಲೇನು?"

"ಒಳಗ ಯಾರರೆ ಮಾತಾಡಾಕತ್ತಿದ್ರ ನಿಲ್ಲಸ್ಲಿ ಅಂತ ರೀ ಅತ್ತಿ," ಎಂದು ವೈನಿ ನಗುತ್ತಿದ್ದರು. ಯಾರು, ಏನು ಮಾತು ಎಂದು ಹೇಳುತ್ತಿರಲಿಲ್ಲ.

ಅವರು ಶ್ರೀಲಂಕಾದವರು. ಸಮುದ್ರದ ದಂಡೆಯ ಒಂದು ಸಣ್ಣ ಊರಿನಿಂದ ಸಿತಾರ್ ಕಲಿಯಲು ಧಾರವಾಡಕ್ಕೆ ಬಂದಿದ್ದರು. ವರ್ಷ ವರ್ಷ ವೀಸಾ ಮುಂದುವರಿಸಲು ಫೋಟೊ ಬೇಕು. ಅವರ ಸಂಗೀತ ಕಾಲೇಜಿನ ಹತ್ತಿರ ಸ್ಟುಡಿಯೋ ಇಟ್ಟಿದ್ದವನು ನನ್ನ ಅಣ್ಣ. "ನಗಬ್ಯಾಡ್ರಿ, ಇದು ಸರಕಾರದ ಫೋಟೊ" ಎಂದು ಅವನು ಅನ್ನುವುದು, ಅವರು ನಗುವುದು, ಮತ್ತೊಂದು ಪ್ಲೇಟು ಹಾಳಾಗುವುದು. ಹೀಗೆಂದು ಅಣ್ಣ ಹೇಳುತ್ತಿದ್ದ. ಆಗ ಗಾಜಿನ ಪ್ಲೇಟಿನ ಕ್ಯಾಮೆರಾ ಎಲ್ಲೂ ಇರಲಿಲ್ಲ. ಆದರೂ ನನಗೆ ಆ ಮಾತು ಹಾಗೆಯೇ ನೆನಪಿದೆ, ತಿದ್ದಲು ಮನಸ್ಸಿಲ್ಲ.

ಮದುವೆಯ ದಿನ ಅವ್ವ ಹರಿವಾಣದಲ್ಲಿ ಅಕ್ಕಿ ಹರಡಿ, ಅಣ್ಣನ ಕೈಲಿ ಉಂಗುರದಿಂದ ಹೊಸ ಹೆಸರು ಬರೆಸಿದಳು: ಉಮಾ. ನಮ್ಮಲ್ಲಿ ಸೊಸೆ ಬಂದರೆ ಹೆಸರು ಬದಲಿಸುವುದು ರೂಢಿ. ಅವ್ವನಿಗೂ ತವರಿನ ಹೆಸರು ಬೇರೆಯಿತ್ತು. ಅದನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ. ಆ ಅಕ್ಕಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮದುವೆಯ ಫೋಟೊಗಳಲ್ಲಿ ಮಾತ್ರ ನಾನು ಎಲ್ಲಿಯೂ ಇಲ್ಲ.

ಅಂದಿನಿಂದ ನಿಲ್ಮಿನಿ ಎಂಬ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿಯಿತು. ಉಮಾ ವೈನಿ ಹುಬ್ಬಳ್ಳಿ ಬಳಿ ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಕಡಲೆಹಿಟ್ಟಿನ ಝುಣಕಕ್ಕೆ ತೆಂಗಿನ ಹಾಲು ಹಾಕಿ ಬೈಸಿಕೊಂಡರು, ತರಕಾರಿಯವನ ಜೊತೆ ನಮಗಿಂತ ಛಲೋ ಧಾರವಾಡ ಮಾತಿನಲ್ಲಿ ಜಗಳಾಡಿದರು. ಯಾರಾದರೂ ಅವಸರ ಮಾಡಿದರೆ, "ಆಗ್ತದ ಬಿಡ್ರಿ, ಸಮುದ್ರ ಏನ್ ಇವತ್ತ ಬತ್ತೂದಿಲ್ಲ" ಎನ್ನುತ್ತಿದ್ದರು. ಬಯಲುಸೀಮೆಯ ನಾವು ಆ ಮಾತನ್ನು ಕಲಿತು, ನಳದ ನೀರು ಬಾರದ ದಿನವೂ ಬಳಸಿದೆವು.

ನಾಗರಿಕತ್ವದ ಅರ್ಜಿಯನ್ನೂ ಅವರು ಹೀಗೆಯೇ ಮುಂದೂಡಿದರು. ಭಾರತೀಯನ ಹೆಂಡತಿಯಾಗಿ ಅಷ್ಟು ವರ್ಷ ಇಲ್ಲಿದ್ದವರು ಅರ್ಜಿ ಹಾಕಬಹುದಿತ್ತು. ಆದರೆ ಮಂಜೂರಾದರೆ ತಮ್ಮ ದೇಶದ ನಾಗರಿಕತ್ವ ಬಿಡಬೇಕು.

"ನಮ್ಮವ್ವ ಸತ್ರ ಮಣ್ಣಿಗೆ ಹೋಗಾಕ ನಾ ವೀಸಾ ಕೇಳಬೇಕೇನು?" ಎಂದರು ಒಮ್ಮೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಎತ್ತಿದವನು ಅಣ್ಣನೇ, ಯಕೃತ್ತು ಕೆಟ್ಟು ಹಾಸಿಗೆ ಹಿಡಿದ ಮೇಲೆ. "ನಾ ಇರೂತನಕ ಮಾಡಿಬಿಡು. ಆಮ್ಯಾಲ ಯಾರ ಹೆಂಡತಿ ಅಂತ ಬರಿತಿ?"

ವೈನಿ ಸಿಟ್ಟಾಗಿ ಅಡುಗೆಮನೆಗೆ ಹೋದರು. ಮರುದಿನ ನನ್ನ ಕಂಪ್ಯೂಟರಿನ ಮುಂದೆ ಬಂದು ಕೂತರು. ಮದುವೆ ನೋಂದಣಿ, ವೀಸಾದ ಪ್ರತಿಗಳು, ಅಫಿಡವಿಟ್ಟು, ಅವರ ನಡತೆಗೆ ನೆರೆಯವರ ಸಾಕ್ಷಿ. ಪಕ್ಕದ ಮನೆಯ ಕುಲಕರ್ಣಿ ಕಾಕಾ ಸಹಿ ಹಾಕುವ ಮೊದಲು ಕನ್ನಡಕ ಏರಿಸಿ ನಿಲ್ಮಿನಿ ಎಂಬ ಹೆಸರು ಓದಿದರು. "ಉಮಾನ ಸಲುವಾಗಿ ಬೇಕಾದಷ್ಟ ಹೇಳ್ತೇನಿ. ಈಕಿ ಯಾರವಾ?"

"ನಾನ ರೀ ಕಾಕಾ. ಮದಲಿನಾಕಿ."

ಕಾಕಾಗೆ ತಿಳಿಸಿ ಹೇಳಿದೆವು, ಎದುರು ಮನೆಯವರಿಗೂ ಹೇಳಿದೆವು. ಅವ್ವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸ್ವಂತ ಅತ್ತೆಗೆ ಯಾರಾದರೂ ಸೊಸೆಯ ಹೆಸರು ಹೇಳಿಕೊಡುತ್ತಾರೆಯೇ?

ವಿಚಾರಣೆಗೆ ಪೊಲೀಸರು ಬಂದಾಗ ನಾವು ಅಣ್ಣನ ಜೊತೆ ಆಸ್ಪತ್ರೆಯಲ್ಲಿದ್ದೆವು. ತಿರುಗಿ ಬಂದಾಗ ಅವ್ವ ಕಟ್ಟೆಯ ಮೇಲೆ ಹೆಮ್ಮೆಯಿಂದ ಕೂತಿದ್ದಳು.

"ಯಾವನೋ ಪೊಲೀಸ ಬಂದಿದ್ದ. ನಿಲ್ಮಿನಿ ಅಂತ ಇಲ್ಲಿ ಇರ್ತಾಳೇನು ಅಂದ. ಅಂಥಾಕಿ ಯಾರೂ ಇಲ್ಲ, ಇದು ಮರ್ಯಾದಸ್ಥರ ಮನಿ, ಇಲ್ಲಿರೂದು ನಾನು, ನನ್ನ ಮಕ್ಕಳು, ನನ್ನ ಸೊಸಿ ಉಮಾ ಅಂತ ಹೇಳಿ ಕಳಿಸೇನಿ."

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ವೈನಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇನ್ನೊಂದರಲ್ಲಿ ಆಸ್ಪತ್ರೆಯ ಚೀಲ ಕೆಳಗಿಡದೆ ನಿಂತೇ ಇರುತ್ತಾರೆ. ಮಾತು ಎರಡರಲ್ಲೂ ಒಂದೇ: "ಖರೇನ ಹೇಳೀರಿ ಅತ್ತಿ. ಅಂಥಾಕಿ ಇಲ್ಲಿ ಎಲ್ಲಿ ಅದಾಳ?"

ಆ ವಿಳಾಸದಲ್ಲಿ ಅರ್ಜಿದಾರರು ಇಲ್ಲ ಎಂದು ವರದಿ ಹೋಯಿತು. ಮರುವಿಚಾರಣೆಗೆ ಬರೆದುಕೊಟ್ಟೆವು. ಅದು ಬರುವ ಮೊದಲೇ ಅಣ್ಣ ಹೋದ. ಗಂಡನಿಲ್ಲದ ಮೇಲೆ ಅರ್ಜಿ ನಿಲ್ಲುತ್ತದೆಯೇ ಎಂದು ಕಚೇರಿಯಲ್ಲಿ ಕೇಳಿದರೆ, "ಮ್ಯಾಲಿನವರನ್ನ ಕೇಳಬೇಕು ನೋಡ್ರಿ" ಎಂದರು. ಅತ್ತ ವೀಸಾ ಮುಗಿಯುತ್ತ ಬಂದಿತ್ತು. ವೈನಿ ಮೇಲಿನವರ ಉತ್ತರಕ್ಕೆ ಕಾಯದೆ ತಮ್ಮ ದೇಶಕ್ಕೆ ಹೊರಟರು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಬೆಂಗಳೂರಿನ ಗಾಡಿ ಹತ್ತಿಸಿದೆ. ಅವರು ಹೇಳಿದ್ದು ಇಷ್ಟೇ: "ಅತ್ತಿಗೆ ಗುಳಿಗಿ ಊಟ ಆದ ಮ್ಯಾಲ ಕೊಡು. ಖಾಲಿ ಹೊಟ್ಟಿಲೆ ಕೊಟ್ರ ಚಕ್ಕರ ಬರ್ತಾವ." ಗಾಡಿ ಹೊರಟ ಮೇಲೆ ಕಿಟಕಿಯಲ್ಲಿ ಕೈ ಕಂಡಿತು. ಅದು ಅವರದೇ ಕಿಟಕಿಯಾಗಿತ್ತೇ, ಹೇಳಲಾರೆ.

ಆಮೇಲೂ ಅವ್ವ ತಾಟು ಹಾಕುವಾಗ ಒಂದು ಹೆಚ್ಚಿಗೆ ಹಾಕುತ್ತಿದ್ದಳು. ನಾನು ಎತ್ತಿಡುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮರುವಿಚಾರಣೆಗೆಂದು ಒಬ್ಬ ಹೊಸ ಪೊಲೀಸ್ ಪೇದೆ ಗೇಟಿನ ಬಳಿ ಬೈಕು ನಿಲ್ಲಿಸಿದ. ನಾನು ಅಂಗಳದಲ್ಲಿದ್ದೆ, ಅವ್ವ ಕಟ್ಟೆಯ ಮೇಲೆ. ಅವನು ಕಾಗದ ನೋಡಿ ಓದಿದ: "ನಿಲ್ಮಿನಿ ಎಂಬುವವರು ಇಲ್ಲಿ ಇರ್ತಾರೇನ್ರಿ?"

ಅವರು ಹೋದರು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು.

"ಅದಾಳ. ಇಲ್ಲೇ ಇರ್ತಾಳ. ನನ್ನ ಸೊಸಿ. ಕೂಡ್ರಪಾ, ಕರೀತೇನಿ."

ಒಳಮುಖವಾಗಿ ತಿರುಗಿ ಅವ್ವ ಆ ಹೆಸರನ್ನು ಕೂಗಿದಳು, ಎಂದೂ ಕರೆಯದ ಹೆಸರನ್ನು, ಒಂದಕ್ಷರವೂ ತಪ್ಪದೆ. ಪೇದೆ ಕಟ್ಟೆಯ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದು, ಅಡುಗೆಮನೆಯ ಕಡೆ ನೋಡಿದ.

ನಾನೂ ನೋಡಿದೆ.